ಕಸ್ಮೋನಾಳ ಇಂಗಿಹ್

ಕಸ್ಮೋನಾ ಯಾರಿಗಾದರೂ ಎದುರು ಮಾತಾಡಿದ್ದನ್ನು ಪೆಕಲೊಂಗಾನ್ ಸೀಮೆಯ ಆ ಹಳ್ಳಿಯಲ್ಲಿ ಕಂಡವರಿರಲಿಲ್ಲ. ಏನು ಹೇಳಿದರೂ "ಇಂಗಿಹ್" ಅನ್ನುವಳು. ನಮ್ಮ ಹೂಂ ಇದ್ದ ಹಾಗೆ ಆ ಮಾತು. ಒಪ್ಪಿದೆ ಎಂದೂ ಆದೀತು, ಕೇಳಿಸಿತು ಮುಂದೆ ಹೇಳು ಎಂದೂ ಆದೀತು. ಯಾವುದು ಎಂದು ತಿಳಿಯಬೇಕಾದರೆ ಹೇಳಿದವರ ಮುಖ ನೋಡಬೇಕು. ಕಸ್ಮೋನಾಳ ಮುಖವೋ, ಯಾವಾಗ ನೋಡಿದರೂ ಮೇಣದ ಬಾಣಲೆಯ ಮೇಲೆ ಬಾಗಿರುತ್ತಿತ್ತು.

ಹದಿನೈದನೆಯ ವಯಸ್ಸಿಗೆ ತಾಯಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತವಳು, ಅರವತ್ತೊಂದಾದರೂ ಅದೇ ಒಲೆಯ ಮುಂದೆ ಇದ್ದಳು. ಚಾಂತಿಂಗ್ ಎಂಬ ತಾಮ್ರದ ಪುಟ್ಟ ಮೂತಿಯ ಲೇಖನಿಯಲ್ಲಿ ಬಿಸಿ ಮೇಣ ತುಂಬಿ, ಉಫ್ ಎಂದು ಊದಿ, ಬಟ್ಟೆಯ ಮೇಲೆ ಬಳ್ಳಿ ಎಳೆಯುವುದು ಅವಳ ಕೆಲಸ. ಮೇಣ ಬಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ಒಂದು ಬಾತಿಕ್ ಬಟ್ಟೆ ಮುಗಿಯಲು ತಿಂಗಳು ಹಿಡಿಯುತ್ತಿತ್ತು. ಅದಕ್ಕೆ ಅವಸರ ಮಾಡಿದವರಿಗೂ ಇಂಗಿಹ್ ಅಂತಲೇ ಉತ್ತರ, ಬಟ್ಟೆ ಮಾತ್ರ ತಿಂಗಳಿಗೇ.

ಆ ಒಲೆ ಇದ್ದದ್ದು ಬಾತಿಕ್ ಕಾರ್ಖಾನೆಯಲ್ಲಿ, ಮೊದಲು ಅದು ಒಬ್ಬ ಸಾಹುಕಾರನದಾಗಿತ್ತು. ಅವನು ಬಾಗಿಲು ಮುಚ್ಚಿದಾಗ ಕೆಲಸಗಾರರೇ ಸೇರಿ ಸಹಕಾರಿ ಸಂಘ ಮಾಡಿಕೊಂಡು ನಡೆಸುತ್ತ ಬಂದರು. ಮೂವತ್ತೆರಡು ಜನ. ತೀರ್ಮಾನದಲ್ಲಿ ಬಣ್ಣ ಅದ್ದುವವನಿಗೂ ಒಂದೇ ಮಾತು, ಅಧ್ಯಕ್ಷನಿಗೂ ಒಂದೇ ಮಾತು. ಏನೇ ಆಗಬೇಕಾದರೂ ಗುರುವಾರ ಮಧ್ಯಾಹ್ನದ ನಮಾಜಿನ ನಂತರ ಚಾಪೆ ಹಾಸಿ, ಎಲ್ಲರೂ ಕೂತು, ಒಮ್ಮತ ಬರುವ ತನಕ ಮಾತಾಡಬೇಕು. ಕೂಡಿ ಸಮಾಲೋಚಿಸುವುದು ಧಣಿ ಕೊಡುವ ಭಿಕ್ಷೆಯಲ್ಲ, ಅಲ್ಲಾಹು ಒಪ್ಪಿಸಿದ ಕರ್ತವ್ಯ ಎಂದು ಊರ ಧರ್ಮಗುರು ಕಿಯಾಯಿ ಮಸ್ರೂರಿ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಕಸ್ಮೋನಾಳ ಗಂಡ ತಾರ್ಮುದಿಯೂ ಅಲ್ಲೇ ಬಣ್ಣದ ತೊಟ್ಟಿಯಲ್ಲಿದ್ದವನು. ಮೊಣಕೈವರೆಗೂ ನೀಲಿ ಹಿಡಿದ ಕೈ. ಅವನನ್ನು ಮದುವೆಯಾಗುತ್ತೀಯಾ ಎಂದು ಅಪ್ಪ ಕೇಳಿದಾಗ ಅವಳಿಗೆ ಹದಿನೆಂಟು. ಅವಳು ತಲೆ ತಗ್ಗಿಸಿ ಸುಮ್ಮನಿದ್ದಳು. ಅಷ್ಟೇ ಸಾಕಾಗಿತ್ತು, ಮದುವೆ ಆಗಿಹೋಯಿತು.

ತಾರ್ಮುದಿಗೆ ಮಾತ್ರ ಅದು ಸಾಕಾಗಲಿಲ್ಲ. ಮದುವೆಯಾಗಿ ವಾರ ಕಳೆದಿರಲಿಲ್ಲ, ಕೇಳಿದ.

"ಅವತ್ತು ಸುಮ್ನೆ ಇದ್ಯಲ್ಲ ಮೋನಾ, ಒಪ್ಪಿದ್ಯಾ, ಬರೀ ನಾಚ್ಕೇನಾ?"

"ಇಂಗಿಹ್, ಕಾಂಗ್."

"ಅಯ್ಯೋ ನಿನ್ನ! ಯಾವ್ದಕ್ಕೆ ಇಂಗಿಹ್?"

ಕಾಂಗ್ ಎಂದರೆ ಅಣ್ಣ. ಅಲ್ಲಿ ಹೆಂಡತಿಯರು ಗಂಡನನ್ನು ಕರೆಯುವುದೇ ಹಾಗೆ. ಮೂವತ್ತಾರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ, ಆಮೇಲೆ ಅವನ ನಗು. ಎದೆನೋವಿನಲ್ಲಿ ಮಲಗಿದ ಕೊನೆಯ ದಿನವೂ ಕೇಳಿದ. ಅವಳಿಗೆ ಅಳು ಒತ್ತರಿಸಿ ಬಂದು ಇಂಗಿಹ್ ಕೂಡ ಹೊರಡಲಿಲ್ಲ. ಆ ಒಂದು ಮಾತು ಒಳಗೇ ಉಳಿದುಹೋಯಿತಲ್ಲ ಎಂದು ಏಳು ವರ್ಷದಿಂದ ಒಬ್ಬಳೇ ಕೊರಗುತ್ತಿದ್ದಳು.

ಹೀಗಿರುವಾಗ ಒಂದು ಗುರುವಾರ ಚಾಪೆಯ ಮೇಲೆ ಅಧ್ಯಕ್ಷ ಜುಹ್ದಿ ಒಂದು ಕಾಗದ ಓದಿದ. ಜುಹ್ದಿ ಕೆಟ್ಟವನಲ್ಲ. ಬೇಡಿಕೆ ಕಡಿಮೆಯಾದಾಗಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಪಟ್ಟಣದ ವ್ಯಾಪಾರಿಯೊಬ್ಬ ಬಂಡವಾಳ ಹಾಕುತ್ತಾನಂತೆ. ಹೊಸ ಕಟ್ಟಡ, ಮೇಣ ಒತ್ತುವ ತಾಮ್ರದ ಅಚ್ಚುಗಳು. ತಿಂಗಳ ಬಟ್ಟೆ ಒಂದೇ ದಿನಕ್ಕೆ ಮುಗಿಯುತ್ತದಂತೆ. ಷರತ್ತು ಎರಡು: ಇನ್ನು ಮೇಲೆ ಯಾರ ಪಾಲು ದೊಡ್ಡದೋ ಅವರ ಮಾತೇ ದೊಡ್ಡದು, ಹೆಂಗಸರ ಮೇಣದ ಒಲೆಗಳನ್ನು ಆರಿಸಿ ಅವರನ್ನು ಬಟ್ಟೆ ಮಡಿಸಲು ಕೂರಿಸಬೇಕು.

"ಇದು ಅಪ್ಪಟ ಬಂಡವಾಳಶಾಹಿ ಕಣಯ್ಯ!" ಎಂದು ಬಣ್ಣದ ತೊಟ್ಟಿಯ ರಸ್ಬಾನ್ ಎದ್ದು ನಿಂತ.

"ಹಂಗಾದ್ರೆ ನಿನ್ನ ಸಮಾಜವಾದನೇ ತೊಟ್ಟೀಗೆ ಹಾಕಿ ಕಲಕು, ಬಟ್ಟೆ ಖರ್ಚಾಗತ್ತೇನೋ ನೋಡಣ," ಎಂದ ಜುಹ್ದಿ.

ಇಬ್ಬರೂ ಕಿಯಾಯಿಯವರ ಕಡೆ ತಿರುಗಿದರು. ಮುದುಕರು ಗಡ್ಡ ನೀವಿಕೊಂಡರು.

"ಸ್ವಂತ ಆಸ್ತಿ ಇರೋದು ತಪ್ಪಲ್ಲಪ್ಪ. ಒಬ್ಬನ ದುಡ್ಡು, ಇನ್ನೊಬ್ಬನ ದುಡಿಮೆ, ಬಂದ ಲಾಭ ಹಂಚ್ಕೊಳ್ಳೋದು, ಇದಕ್ಕೂ ನಮ್ಮಲ್ಲಿ ದಾರಿ ಇದೆ. ಆದ್ರೆ ಸಂಪತ್ತು ಉಳ್ಳೋರ ನಡುವೇನೇ ಸುತ್ತಬಾರ್ದು. ಇಷ್ಟು ನಾನು ಹೇಳಬಲ್ಲೆ. ತೀರ್ಮಾನ ನಿಮ್ದು."

"ಆ ಶಾಹಿ, ಈ ವಾದ, ಎರಡ್ರಲ್ಲಿ ಯಾವ್ದು ನಮ್ಮ ಒಲೆ ಆರ್ಸಲ್ವೋ ಅದನ್ನ ಹೇಳ್ರಪ್ಪ," ಎಂದು ತುರಿಪಾ ಕಸ್ಮೋನಾಳ ಕಿವಿಯಲ್ಲಿ ಗೊಣಗಿದಳು. ಇಬ್ಬರೂ ಒಂದೇ ಬಾಣಲೆಯ ಗೆಳತಿಯರು. ಆದರೆ ಗೊಣಗಾಟ ಕಿವಿಯಿಂದಾಚೆ ಹೋಗಲಿಲ್ಲ. ದೊಡ್ಡವರ ಮುಂದೆ ದನಿ ಎತ್ತುವುದು ಅಲ್ಲಿಯ ಹೆಂಗಸರಿಗೆ ಅಭ್ಯಾಸವಿಲ್ಲ.

ಗಂಡಸರು ದಣಿಯುವಷ್ಟು ಮಾತಾಡಿದರು. ಕೊನೆಗೆ ಅಚ್ಚಿನ ಆಸೆ ರಸ್ಬಾನನನ್ನೂ ಮೆತ್ತಗೆ ಮಾಡಿತು. ಜುಹ್ದಿ ಹೆಂಗಸರ ನಡುವೆ ಕೂತಿದ್ದ ಕಸ್ಮೋನಾಳ ಕಡೆ ನೋಡಿದ.

"ಬುದೆ, ಕೇಳುಸ್ಕೊಂಡ್ರಾ?"

ಬುದೆ ಎಂದರೆ ದೊಡ್ಡಮ್ಮ. ಚಿಕ್ಕವನಿದ್ದಾಗ ಅವಳ ಮಡಿಲಲ್ಲಿ ಆಡಿದವನು ಅವನು.

"ಇಂಗಿಹ್."

"ಸರಿ, ಬುದೇನೂ ಒಪ್ಪಿದ್ರು. ಉಳಿದ ಹೆಂಗಸರು ಸುಮ್ನಿದಾರೆ. ಸುಮ್ನಿದ್ರೆ ಒಪ್ದಂಗೇ ಲೆಕ್ಕ, ಕಿಯಾಯಿಗಳೇ ಪಾಠದಲ್ಲಿ ಹೇಳಿದಾರೆ. ಒಮ್ಮತ ಆಯ್ತು," ಎಂದು ಕಾಗದ ಮಡಿಸತೊಡಗಿದ.

ಒಲೆ ಆರಿದರೆ ನಾಳೆ ಬೆಳಗ್ಗೆ ಎದ್ದು ಹೋಗುವುದು ಎಲ್ಲಿಗೆ? ಕಸ್ಮೋನಾ ಚಾಪೆಯ ಅಂಚನ್ನು ಎರಡು ಸಲ ನೇರ ಮಾಡಿದಳು. ಮೂರನೆಯ ಸಲ ಬಾಯಿ ತಾನಾಗಿ ತೆರೆಯಿತು.

"ಮಗಾ, ಆ ಪಾಠ ಪೂರ್ತಿ ಕೇಳ್ದೆಯಾ ನೀನು?"

ಜುಹ್ದಿಯ ಕೈ ನಿಂತಿತು.

"ಸುಮ್ನಿದ್ರೆ ಒಪ್ಪಿಗೆ ಅನ್ನೋದು ಕನ್ಯೆಗೆ. ಪಾಪ, ಅವಳಿಗೆ ನಾಚ್ಕೆ ಇರತ್ತೆ. ಒಂದ್ಸಲ ಮದುವೆ ಆಗಿ ಗಂಡ ಇಲ್ದೋಳು ಬಾಯಿ ಬಿಟ್ಟೇ ಹೇಳ್ಬೇಕು. ಕಿಯಾಯಿಗಳೇ, ಪ್ರವಾದಿಗಳು ಹಂಗೇ ಅಂದಿರೋದಲ್ವಾ?"

"ಹೌದು ತಾಯಿ. ಹಂಗೇ ಅಂದಿರೋದು," ಎಂದರು ಕಿಯಾಯಿ. ಅವರ ಗಡ್ಡದೊಳಗೆ ನಗು ಕಾಣಿಸಿತು.

"ನಾನು ವಿಧವೆ ಮಗಾ. ನಾನು ಬಾಯಿ ಬಿಟ್ಟಿಲ್ಲ. ಇಂಗಿಹ್ ಅಂದಿದ್ದು ನೀನು ಓದಿದ್ದು ಕೇಳುಸ್ತು ಅಂತ."

"ನಮ್ಮಲ್ಲಿ ಕನ್ಯೆ ಯಾರವ್ವಾ ಇರೋದು?" ಎಂದಳು ತುರಿಪಾ, ಈ ಸಲ ಗಟ್ಟಿಯಾಗಿ. "ನಂಗೇ ಏಳು ಮೊಮ್ಮಕ್ಳು!"

ಚಾಪೆಯ ತುಂಬ ನಗು ಹರಿಯಿತು. ಜುಹ್ದಿ ಕಿವಿ ಕೆಂಪಾಗಿ, ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ. ಒಬ್ಬೊಬ್ಬ ಹೆಂಗಸೂ ಬಾಯಿ ಬಿಟ್ಟು ಹೇಳಬೇಕಾಯಿತು, ಒಬ್ಬೊಬ್ಬಳೂ ಆ ಷರತ್ತು ಬೇಡವೆಂದಳು. ಕಸ್ಮೋನಾ ತನ್ನ ಸರದಿಯಲ್ಲಿ, "ಅಚ್ಚು ಬರ್ಲಿ, ಬೇಡ ಅನ್ನಲ್ಲ. ನನ್ನ ಒಲೆನೂ ಇರ್ಲಿ, ನನ್ನ ಮಾತೂ ಇರ್ಲಿ," ಅಂದಳು. ಸಂಜೆಯ ನಮಾಜಿಗೆ ಮುಂಚೆ ಒಮ್ಮತ ಬಂತು: ವ್ಯಾಪಾರಿ ಬಂಡವಾಳ ಹಾಕಿ ಲಾಭದಲ್ಲಿ ಪಾಲು ತಗೊಳ್ಳಬಹುದು, ತೀರ್ಮಾನದಲ್ಲಿ ಮಾತ್ರ ಪಾಲಿಲ್ಲ, ಒಲೆ ಆರುವುದಿಲ್ಲ. ಆ ವ್ಯಾಪಾರಿ ಇವತ್ತಿಗೂ ಉತ್ತರ ಬರೆದಿಲ್ಲ. ಕಾರ್ಖಾನೆಯ ಸೂರು ಇವತ್ತಿಗೂ ಸೋರುತ್ತದೆ, ಸೋರುವಲ್ಲಿ ಬಕೆಟ್ ಇಡುತ್ತಾರೆ.

ಚಾಪೆ ಸುತ್ತಿದ ಮೇಲೆ ಜುಹ್ದಿ ಬಂದು ಅವಳ ಕೈಗೆ ಹಣೆ ಮುಟ್ಟಿಸಿದ. "ಬುದೆ, ಇನ್ಮೇಲೆ ಯಾವ ಇಂಗಿಹ್ ಅಂತ ಕೇಳೇ ಮುಂದಕ್ಕೆ ಹೋಗ್ತೀನಿ," ಎಂದ. ಅವಳು ಅವನ ತಲೆ ಸವರಿ ಕಳಿಸಿದಳು.

ಗುರುವಾರದ ಇಳಿಹೊತ್ತು ಎಲ್ಲರೂ ತಮ್ಮವರ ಸಮಾಧಿಗೆ ಹೂವು ಹಾಕಲು ಹೋಗುವ ಹೊತ್ತು. ಕಸ್ಮೋನಾಳೂ ಗುಲಾಬಿ ಎಸಳಿನ ಪೊಟ್ಟಣ ಹಿಡಿದು ಹೋದಳು. ತಾರ್ಮುದಿಯ ಮಣ್ಣಿನ ಮೇಲೆ ಎಸಳು ಹರಡಿ, ಪ್ರಾರ್ಥನೆ ಮುಗಿಸಿ, ಏಳದೆ ಕೂತೇ ಇದ್ದಳು. ಬಾಯಿಗೆ ಇವತ್ತು ಹೇಗೂ ರೂಢಿಯಾಗಿತ್ತು.

"ಕಾಂಗ್, ನಾಚ್ಕೆ ಅಲ್ಲ," ಎಂದಳು, ಪಕ್ಕದ ಸಮಾಧಿಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಅವತ್ತು ಒಪ್ಪಿದ್ದೆ."