ನಾನೂರ ಹನ್ನೆರಡನೆಯ ಬಿಲ್ಲೆ

೧೯೮೩ರ ಆಡಿ ತಿಂಗಳ, ತಮಿಳರ ಆಷಾಢದ, ಮೊದಲ ಸೋಮವಾರ, ಬೆಳಿಗ್ಗೆ ಏಳರ ಸೈರನ್ ನಿಂತ ಹೊತ್ತಿಗೆ, ನಾನು ಕೊಯಮತ್ತೂರಿನ ಒಂದು ನೂಲಿನ ಗಿರಣಿಯ ಹಾಜರಿ ಕೋಣೆಯಲ್ಲಿ, ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ನಿಂತಿದ್ದೆ. ಕಿಟಕಿಯಾಚೆ ನನ್ನ ತಾಯಿಯ ತಮ್ಮ. ಅವನ ಕೈಯಲ್ಲಿ ಹಾಜರಿಗೆ ತೋರಿಸುವ ಹಿತ್ತಾಳೆಯ ಬಿಲ್ಲೆ, ನಂಬರು ನಾನೂರ ಹನ್ನೆರಡು.

ಕಾಯಂ ಆದವರ ಪಟ್ಟಿ ಆ ದಿನ ಬಂದಿತ್ತು. ಮೂರು ವರ್ಷ ಬದಲಿ ಆಳಾಗಿ ದುಡಿದಿದ್ದ ಮಾಮನಿಗೆ ಅದರಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಗೇಟಿನ ಹೊರಗೆ. ಪಟ್ಟಿಯನ್ನು ತೆಗೆದವನು ನಾನೇ. ಗಿರಣಿಯ ಕಂಪ್ಯೂಟರ್ ಕೋಣೆಯಲ್ಲಿ ನನ್ನ ಕೆಲಸ. ಅಲ್ಲಿಗೆ ಗಿರಣಿಯ ಒಡೆಯರೂ ಚಪ್ಪಲಿ ಕಳಚಿಟ್ಟೇ ಬರುತ್ತಿದ್ದರು.

ಹಾಜರಿ ಬರೆಯುವವರು ನಮ್ಮ ಕಡೆಯವರೇ, ಮನೆಯಲ್ಲಿ ತಮಿಳು ಬೆರೆತ ಕನ್ನಡ ಆಡುವವರು. ಪಟ್ಟಿಯ ಮೇಲೆ ಬೆರಳಾಡಿಸಿ ಹೇಳಿದರು: "ನಿನ್ ಪೇರು ಇಲ್ಲ ಕಣಪ್ಪಾ. ನಿಮ್ಮಪ್ಪಂದು ಐತೆ. ಕಾಯಂ ಆಗವ್ನೆ."

"ಅಪ್ಪ ಸತ್ತು ಮೂರು ವರ್ಷ ಆತಲ್ಲಣ್ಣಾ."

"ನಂಗೆ ಗೊತ್ತಿಲ್ವಾ? ಚಟ್ಟಕ್ಕೆ ಹೆಗಲು ಕೊಟ್ಟೋನು ನಾನು. ಆದ್ರೆ ಒಡೆಯರು ಪಟ್ಟಿ ಕೆಳಗೆ ಕೈಯೆಳ್ತು ಹಾಕವ್ರೆ. ಹೋಗಿ ನಿಮ್ಮಪ್ಪನ್ನ ವೇಲೆ ಮಾಡಕ್ಕೆ ಕಳ್ಸು."

ಸಾಲಿನಲ್ಲಿದ್ದವರು ನಕ್ಕರು. ಮಾಮನೂ ನಕ್ಕ. ನಾನು ನಗಲಿಲ್ಲ, ಏನಾಗಿದೆಯೆಂದು ನನಗೆ ಆಗಲೇ ತಿಳಿದಿತ್ತು.

ಪ್ರತಿ ವರ್ಷದ ಹಾಜರಿಯನ್ನು ಕಂಪ್ಯೂಟರಿನಲ್ಲಿ ಒಂದೇ ಕಡತದ ಹೆಸರಿನಲ್ಲಿ, ಬೇರೆ ಬೇರೆ ಸಂಖ್ಯೆ ಕೊಟ್ಟು ಇಡುತ್ತಿದ್ದೆವು. ಅಂಥ ಐದು ಪ್ರತಿಗಳನ್ನು ಒಂದೇ ಕಡತಕ್ಕೆ ಸೇರಿಸಬೇಕಿತ್ತು. ಯಂತ್ರಕ್ಕೆ ಕೊಟ್ಟ ಆಜ್ಞೆಯಲ್ಲಿ ನಾನು ಆ ಹೆಸರನ್ನಷ್ಟೇ ಬರೆದೆ, ಸಂಖ್ಯೆಗಳನ್ನು ಬರೆಯಲಿಲ್ಲ. ಬರೀ ಹೆಸರು ಕೊಟ್ಟರೆ ಯಂತ್ರ ಐದನ್ನೂ ತೆಗೆದುಕೊಳ್ಳುತ್ತದೆ, ಆದರೆ ಹೊಸದನ್ನು ಮೊದಲು, ಹಳೆಯದನ್ನು ಕೊನೆಗೆ. ಒಂದೇ ಬಿಲ್ಲೆ ಎರಡು ಸಲ ಬಂದರೆ ಕೊನೆಯದನ್ನು ಉಳಿಸು ಎಂದು ನಾನು ಹೇಳಿಟ್ಟಿದ್ದೆ. ಕೊನೆಯದೆಂದರೆ ಹೊಸದು ಎಂದು ನಂಬಿದ್ದೆ. ನಮ್ಮ ಗಿರಣಿಯಲ್ಲಿ ಅಪ್ಪ ಸತ್ತರೆ ಅವನ ಬಿಲ್ಲೆ ಮಗನಿಗೆ ಹೋಗುವುದು ವಾಡಿಕೆ. ಹೀಗಾಗಿ ಮಾಮನ ಅಪ್ಪ, ನನ್ನ ತಾತ, ಉಳಿದರು, ಮಾಮ ಅಳಿಸಿಹೋದ.

ಲೇಬರ್ ಆಫೀಸರ ಮೇಜಿನ ಮುಂದೆ ನಿಂತು ತಪ್ಪು ನನ್ನದೆಂದು ಹೇಳಿದೆ. ಅವರು ತಮಿಳಿನಲ್ಲಿ, ಬಹಳ ಮೃದುವಾಗಿ ಹೇಳಿದರು: "ತಂಬಿ, ತಪ್ಪು ನಿನ್ನದು ಅಂದರೆ ಯಂತ್ರದ್ದೂ ಆಗುತ್ತದೆ. ಯಂತ್ರದ್ದು ಅಂದರೆ ಅದನ್ನು ಕೊಂಡವರದ್ದೂ ಆಗುತ್ತದೆ. ಅಷ್ಟು ದೂರ ಹೋಗುವುದು ಬೇಡ. ಆ ಆಳು ತನ್ನಪ್ಪ ಸತ್ತಿದ್ದಕ್ಕೆ ಕಾಗದ ತರಲಿ."

ಮಾಮ ಸಿಟಿ ಬಸ್ಸು ಹಿಡಿದು ಹೋಗಿ, ಹನ್ನೊಂದೂವರೆಗೆ ಮರಣಪತ್ರ ಹಿಡಿದುಕೊಂಡು ಬಂದ. ಅಷ್ಟರಲ್ಲಿ ನಾನು ಐದು ಸಂಖ್ಯೆಗಳನ್ನೂ ಹಳೆಯದರಿಂದ ಹೊಸದಕ್ಕೆ ಒಂದೊಂದಾಗಿ ಬರೆದು, ಕಡತವನ್ನು ಮತ್ತೆ ಕೂಡಿಸಿ, ಸರಿಯಾದ ಪಟ್ಟಿಯನ್ನು ಅಚ್ಚು ಹಾಕಿ ತಂದಿದ್ದೆ. ಅದರಲ್ಲಿ ಮಾಮನ ಹೆಸರಿತ್ತು.

ಆಫೀಸರು ಮರಣಪತ್ರವನ್ನು ಎರಡು ಸಲ ಓದಿದರು. ಒಡೆಯರ ಸಹಿಯಿದ್ದ ಪಟ್ಟಿಯಲ್ಲಿ ನಾನೂರ ಹನ್ನೆರಡರ ಎದುರು ಕೆಂಪು ಶಾಯಿಯಲ್ಲಿ 'ಮರಣ, ಬಿಲ್ಲೆ ರದ್ದು' ಎಂದು ಬರೆದರು. ಆಮೇಲೆ ನನ್ನ ಪಟ್ಟಿ ನೋಡಿ, "ಇದರಲ್ಲಿ ರದ್ದಾದ ಬಿಲ್ಲೆ ಇದೆಯಲ್ಲ," ಎಂದು ವಾಪಸು ಕೊಟ್ಟರು. "ಈಗ ಎಲ್ಲಾ ಸರಿಹೋಯಿತು."

"ಸಾರ್, ನಾನು ಬದುಕಿವ್ನಿ," ಎಂದ ಮಾಮ, ತಮಿಳು ಮರೆತು ಕನ್ನಡದಲ್ಲಿ.

"ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ," ಎಂದರು ಆಫೀಸರು, ನಾನು ಅರ್ಥ ಹೇಳಿದ ಮೇಲೆ.

ಮಾಮ ಕಿಟಕಿಗೆ ಹೋಗಿ ಬಿಲ್ಲೆಯನ್ನು ಹಲಗೆಯ ಮೇಲಿಟ್ಟ. ಮರುವಾರ ಮಾಮ ತಿರುಪ್ಪೂರಿನ ಒಂದು ಬನಿಯನ್ ಕಾರ್ಖಾನೆಗೆ ದಿನಗೂಲಿಗೆ ಸೇರಿದ.

ಒಡೆಯರು ಈಗಿಲ್ಲ, ಆಫೀಸರೂ ಇಲ್ಲ. ಇದನ್ನು ಕಣ್ಣಾರೆ ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನೂ ಬದುಕಿರುವವರು ಇಬ್ಬರು: ಮದುಕ್ಕರೈಯಲ್ಲಿ ಮಗಳ ಮನೆಯಲ್ಲಿರುವ ಹಾಜರಿಯವರು, ಮತ್ತು ಮಾಮ.