ಕೆನ್ನೆಯ ಚೂರಿನಿಂದ ತಾಯಿ ಕಟ್ಟಿಕೊಟ್ಟ ದಾರಿ

ಚಿಂಚಲಿಯ ಮಾಯಕ್ಕತಾಯಿಯ ಭಂಡಾರದ ಅರಿಶಿನ ಹಣೆಗಿಟ್ಟುಕೊಳ್ಳುವ ಎಲ್ಲ ಬಂಧುಗಳಿಗೆ ದಿಗ್ಗೇವಾಡಿಯ ಒಬ್ಬ ಕುರಿ ಸಾಕುವವನ ಶರಣು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಹೋದ ವರ್ಷ ಯುಗಾದಿಯ ಹೊತ್ತಿಗೆ ನಮ್ಮ ಹೋರಿ ನನ್ನನ್ನು ಕೊಟ್ಟಿಗೆಯ ಕಲ್ಲುಗೋಡೆಗೆ ಒತ್ತಿಬಿಟ್ಟಿತು. ಸೊಂಟದ ಕೆಳಗಿನ ಎಲುಬು ಮುರಿಯಿತು, ಒಳಗೆ ಮೂತ್ರನಾಳವೂ ಹರಿಯಿತು. ಮಿರಜಿನ ಆಸ್ಪತ್ರೆಯಲ್ಲಿ ಎಲುಬು ಕೂಡಿತು. ನಾಳದ ಗಾಯ ಮಾತ್ರ ಮಾಯುತ್ತಾ ಮಾಯುತ್ತಾ ದಾರಿಯನ್ನೇ ಮುಚ್ಚಿತು. ಡಾಕ್ಟರರು ಎರಡು ಸಲ ಬಿಡಿಸಿದರು; ಎರಡು ಸಲವೂ ಮತ್ತೆ ಮುಚ್ಚಿಕೊಂಡಿತು. ಕೊನೆಗೆ ಕಿಬ್ಬೊಟ್ಟೆಗೆ ಪೈಪು ಹಾಕಿ, ಚೀಲ ಕಟ್ಟಿ ಕಳಿಸಿದರು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಹೆಂಡತಿ ಸುರೇಖಾ ಆ ಚೀಲ ಖಾಲಿ ಮಾಡುವಾಗ ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಮಟಮಟ ಮಧ್ಯಾಹ್ನ ಕೃಷ್ಣೆಯ ದಂಡೆಗೆ ಹೋದೆ. ಮರಳಿ ಬರುವ ಮನಸ್ಸಿರಲಿಲ್ಲ. ಗಾಳಿ ನಿಂತಿತ್ತು, ಒಂದು ಹಕ್ಕಿಯ ದನಿಯೂ ಇರಲಿಲ್ಲ. ನೀರು ಮೊಣಕಾಲಿಗೆ ಬಂದಾಗ ಎದುರಿಗೆ ಒಬ್ಬ ಮುದುಕಿ ನಿಂತಿದ್ದಳು. ಹಣೆತುಂಬ ಭಂಡಾರ. ನೀರಿನಲ್ಲಿದ್ದರೂ ಸೀರೆಯ ಅಂಚು ಒಣಗಿತ್ತು.

“ಬಾಯಿ ತಗಿ, ಮಗನ,” ಎಂದಳು.

ತೆರೆದೆ. ಹೆಬ್ಬೆರಳನ್ನು ನನ್ನ ಎಡಗೆನ್ನೆಯ ಒಳಗೆ ಒತ್ತಿದಳು. ಬಾವಿಯ ತಳದ ಕಲ್ಲಿನಂಥ ತಣ್ಣನೆಯ ಬೆರಳು.

“ಹೊಸಾದು ಇಲ್ಲಿಂದ ಬೆಳೀತೈತಿ. ಹೋಗ, ಮನೀಗೆ ಹೋಗ.”

ಕಣ್ಣು ಪಿಳುಕಿಸುವಷ್ಟರಲ್ಲಿ ಅವಳಿಲ್ಲ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಅಂಬಿಗ ಕೂಗಿದ: “ಯಾಕಣ್ಣಾ, ಒಬ್ಬನ ನೀರಾಗ ಬಾಯಿ ತಕ್ಕೊಂಡ ನಿಂತೀಯಲ್ಲಾ? ಹಲ್ಲ ನೋಯಾಕತ್ತಾವೇನ?”

“ಇಲ್ಲಿದ್ದ ಅವ್ವ ಎತ್ಲಾಗ ಹೋದಳು?”

“ಯಾ ಅವ್ವ? ನೀ ಬಂದಾಗಿಂದ ನೋಡಾಕತ್ತೇನಿ. ಯಾರೂ ಇಲ್ಲ.”

ಮನೆಗೆ ಬಂದು ಹೇಳಿದೆ. ಸುರೇಖಾ ನಗಲಿಲ್ಲ. ಚಿಂಚಲಿಯ ಕಡೆ ತಿರುಗಿ ಕೈಮುಗಿದು, “ತಾಯಿ ಹೇಳ್ಯಾಳಂದ್ರ ಕಾಯೂನ್ರಿ,” ಎಂದಳು.

ಮುಂದಿನ ತಪಾಸಣೆಯಲ್ಲಿ ಮಿರಜಿನ ಡಾಕ್ಟರರು ನನ್ನನ್ನು ಪುಣೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರ್ ಮೇಡಂ ತಿಳಿಸಿ ಹೇಳಿದರು: ನಮ್ಮ ಮೈಯ ಚೂರನ್ನೇ ತೆಗೆದು, ಅದರ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಹಾಳಾದ ನಾಳದೊಳಗೆ ಕೂಡಿಸುತ್ತಾರೆ. ಅವು ಅಲ್ಲಿ ಹೊಸ ಪದರ ಕಟ್ಟುತ್ತವೆ. ಎಲ್ಲರಿಗೂ ಫಲಿಸುತ್ತದೆಂದು ಹೇಳಲಾಗದು.

“ಚೂರು ಎಲ್ಲಿಂದ ತಗೀತೀರ್‍ರಿ?” ಎಂದೆ.

ಬಾಯಿ ತೆರೆಸಿ ಎಡಗೆನ್ನೆಯ ಒಳಗೆ, ಅದೇ ಜಾಗಕ್ಕೆ ಬೆರಳಿಟ್ಟರು. ಬೆರಳು ಹೊರತೆಗೆದಾಗ ಬಿಳಿ ಗ್ಲೌಸಿನ ತುದಿ ಹಳದಿಯಾಗಿತ್ತು. “ಹಳದ ಖಾಲ್ಲೀ ಕಾ, ದಾದಾ?” ಅರಿಶಿನ ತಿಂದಿಯೇನಣ್ಣಾ ಎಂದು ಮರಾಠಿಯಲ್ಲಿ ಕೇಳಿದರು. ಅರಿಶಿನ ಎಲ್ಲಿಂದ ಬರಬೇಕು? ಹಿಂದಿನ ದಿನದಿಂದ ನಾನು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಚೂರು ಕೊಟ್ಟು ಊರಿಗೆ ಬಂದೆ. ನನ್ನದೇ ಜೀವದ ತುಣುಕೊಂದು ನಾನಿಲ್ಲದೆ ದೂರದ ಪೆಟ್ಟಿಗೆಯೊಳಗೆ ಬೆಳೆಯುತ್ತಿತ್ತು. ಕುರಿ ಮೇಯಿಸುವಾಗ ಬಾಯೊಳಗೆ ಬೇರೆ ಯಾರೋ ಉಸಿರಾಡಿದಂತಾಗುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಆ ಕೆನ್ನೆ ಹೆಣದ ಹಾಗೆ ತಣ್ಣಗಾಯಿತು. ಸುರೇಖಾ ಭಂಡಾರ ಹಚ್ಚಿ, ಕೆನ್ನೆಯ ಮೇಲೆ ಕೈಯಿಟ್ಟು, ತಾಯಿಯನ್ನು ನೆನೆಯುತ್ತಾ ಸಂಜೆಯವರೆಗೆ ಕೂತಳು. ಹೊತ್ತು ಮುಳುಗುವಾಗ ಬಿಸಿ ಮರಳಿತು. ಮರುದಿನ ಆಸ್ಪತ್ರೆಯಿಂದ ಫೋನು ಬಂತು. ಕೋಶಗಳು ನಿನ್ನೆ ಮಧ್ಯಾಹ್ನ ಸೊರಗಿದ್ದವಂತೆ, ಸಂಜೆಗೆ ತಾವಾಗಿಯೇ ಚೇತರಿಸಿಕೊಂಡವಂತೆ.

ಶಸ್ತ್ರಚಿಕಿತ್ಸೆ ಆಯಿತು. ಕೆಲವು ವಾರಗಳ ಮೇಲೆ ಪೈಪು ತೆಗೆದು, ಪರೀಕ್ಷೆ ಮಾಡಿ, ದಾರಿ ತೆರೆದಿದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಮರಳುವಾಗ ಕಾಗವಾಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಮೂತ್ರಾಲಯದಲ್ಲಿ ಎಲ್ಲ ಗಂಡಸರ ಸಾಲಿನಲ್ಲಿ ನಾನೂ ನಿಂತೆ. ಧಾರೆ ಬಂತು. ಗೋಡೆಗೆ ಹಣೆ ಹಚ್ಚಿ ಅತ್ತೆ.

“ಆತೇನ್ರಿ?” ಸುರೇಖಾ ಹೊರಗೆ ಕಾಯುತ್ತಿದ್ದಳು.

“ಆತು.”

ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾವು ಊರಿಗೆ ಹತ್ತಬೇಕಿದ್ದ ರಾಯಬಾಗದ ಬಸ್ಸು ಹೊರಟುಹೋಯಿತು. ನಾವು ಏಳಲಿಲ್ಲ.

ದಾರಿ ಮತ್ತೆ ಮುಚ್ಚಬಹುದು, ತಪಾಸಣೆಗೆ ಬರುತ್ತಿರಿ ಎಂದಿದ್ದಾರೆ ಡಾಕ್ಟರು. ತಪ್ಪದೆ ಹೋಗುತ್ತೇನೆ. ಹೋಗುವಾಗ ಮೊದಲು ತಾಯಿಯ ಹೊಸ್ತಿಲಿಗೆ ಹಣೆ ಮುಟ್ಟಿಸಿ, ಆಮೇಲೆ ಬಸ್ ಹತ್ತುತ್ತೇನೆ.