ಅವರೆಕಾಯಿ ಊಟಕ್ಕೆ ಸಿಗದ ಅನುಮತಿ

ಅವರೆಕಾಯಿಯ ಕಾಲದಲ್ಲಿ ಎದುರುಮನೆ ದೊಡ್ಡಮ್ಮನ ಬಲಗೈ ಹೆಬ್ಬೆರಳು ನೀರಿಗೆ ಸುಕ್ಕುಗಟ್ಟಿ, ಉಗುರಿನ ಸಂದಿಯಲ್ಲಿ ಹಸಿರು ಕಲೆ ಕಟ್ಟಿರುತ್ತಿತ್ತು. ಹುಣಸೂರಿನ ನಮ್ಮ ಬೀದಿಯಲ್ಲಿ ವರ್ಷಕ್ಕೊಮ್ಮೆ ಎಲ್ಲ ಮನೆಯವರೂ ರಸ್ತೆಯಲ್ಲೇ ಕುಳಿತು ನೆನೆದ ಕಾಳನ್ನು ಹಿತುಕಿ, ಒಂದೇ ಹಂಡೆಯಲ್ಲಿ ಸಾರು ಮಾಡಿ, ಮುದ್ದೆಯೊಂದಿಗೆ ಉಣ್ಣುತ್ತಿದ್ದೆವು. ಅದನ್ನು ನಡೆಸುತ್ತಿದ್ದವರು ಅವರು. ಮಾತು ಬಿಟ್ಟ ಮನೆಗಳವರನ್ನು ಬೇಕೆಂದೇ ಒಂದು ಮೊರದ ಎರಡು ಬದಿಗೆ ಕೂರಿಸುತ್ತಿದ್ದರು. "ಕೈ ಆಡ್ತಾ ಇದ್ರೆ ಬಾಯೂ ಆಡ್ತದೆ ಬುಡು" ಎನ್ನುತ್ತಿದ್ದರು.

ಬೀದಿಗೆ ಡಾಂಬರು ಬಿದ್ದು ಅದು ಬಸ್ ನಿಲ್ದಾಣಕ್ಕೆ ಒಳದಾರಿಯಾದ ಮೇಲೆ, ಅನುಮತಿಯಿಲ್ಲದೆ ಶಾಮಿಯಾನ ಹಾಕುವಂತಿಲ್ಲ ಎಂದಾಯಿತು. ಊಟ ನಿಂತಿತು. ತಮ್ಮ ಕಾಯಿಲೆ ವಾಸಿಯಾಗುವುದಿಲ್ಲವೆಂದು ವೈದ್ಯರು ತಿಳಿಸಿದ ವರ್ಷ ದೊಡ್ಡಮ್ಮ ನನ್ನನ್ನು ಕರೆದರು.

"ಮುಂದಿನ್ ಅವರೆಕಾಯ್ಗೆ ನಾನಿರಾಕಿಲ್ಲ ಕಣವ್ವ. ಇದೊಂದ್ ಸಲ ಆಗೋಗ್ಲಿ. ಡಿಗ್ರಿ ಮಾಡಿರೋಳು ನೀನು, ನೀನ್ ಬರೆದ್ರೆ ಇಲ್ಲ ಅಂದಾರಾ?"

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಆ ಸುದ್ದಿಯನ್ನು ಬೀದಿಗೆಲ್ಲ ಸಾರಿದವರೂ ಅವರೇ. ಅರ್ಜಿಯಲ್ಲಿ ಒಂದು ಅಕ್ಷರವೂ ತಪ್ಪಬಾರದೆಂದು ಮತ್ತೆ ಮತ್ತೆ ತಿದ್ದಿದೆ. ನಗರಸಭೆಯಲ್ಲಿ, "ಮೊದ್ಲು ಸ್ಟೇಷನ್‌ನಿಂದ ಒಪ್ಪಿಗೆ ತನ್ನಿ" ಎಂದರು. ಠಾಣೆಯಲ್ಲಿ, "ರಸ್ತೆ ನಗರಸಭೇದು ಕಣಮ್ಮ, ಅವ್ರು ಕೊಟ್ಮೇಲೆ ನಾವು" ಎಂದರು.

ನನ್ನ ಜೊತೆಗೇ ಬಂದಿದ್ದ ದೊಡ್ಡಮ್ಮ ಠಾಣೆಯ ಹೊರಗೆ ಕಟ್ಟೆಯ ಮೇಲೆ ಕುಳಿತು ನಕ್ಕರು. "ಗಂಡಿನೋರು ಹೆಣ್ಣಿನೋರು ಇದ್ದಂಗವ್ರೆ ಕಣವ್ವ. ಯಾರು ಮೊದ್ಲು ಬಾಯ್ಬುಡಾದು ಅಂತ ಕುಂತವ್ರೆ."

ನನಗೆ ನಗು ಬರಲಿಲ್ಲ.

ಹಲವು ಸಲ ಅಲೆದ ಮೇಲೆ ಗುಮಾಸ್ತರೊಬ್ಬರು, "ಶನಿವಾರಕ್ಕೆ ಆಗ್ಬೋದು, ನೋಡಾನ" ಎಂದರು. ದೊಡ್ಡಮ್ಮನಿಗೆ ಅದೇ ಅನುಮತಿ. ಶುಕ್ರವಾರವೇ ಕಾಳು ನೆನೆಹಾಕಿದರು. ಮರುದಿನ ಬೀದಿಯವರೆಲ್ಲ ಕುಳಿತು ಹಿತುಕುತ್ತಿರುವಾಗ ಪೊಲೀಸಿನವರಿಬ್ಬರು ಬಂದರು.

"ಪರ್ಮಿಷನ್ ಎಲ್ಲಿ?"

"ಹೇಳವ್ರೆ ಕಣಪ್ಪ."

"ಹೇಳಿದ್ದಲ್ಲ ಅಜ್ಜಿ, ಸಹಿ ಹಾಕಿರೋದು ತೋರ್ಸಿ."

ಎಲ್ಲರೂ ನನ್ನ ಕಡೆ ನೋಡಿದರು. ಪೊಲೀಸಿನವರು ಶಾಮಿಯಾನದ ಗಳುಗಳನ್ನು ಇಳಿಸಿದರು. ದೊಡ್ಡಮ್ಮ ಜಗಳವಾಡಲಿಲ್ಲ, ಹಿತುಕಿದ ಬೇಳೆಯನ್ನು ಬೊಗಸೆಯಲ್ಲಿ ಮನೆಮನೆಗೂ ಹಂಚಿದರು. ಅಂದು ಸಂಜೆ ಎಲ್ಲ ಮನೆಗಳಿಂದಲೂ ಒಂದೇ ಸಾರಿನ ಘಮ ಬರುತ್ತಿತ್ತು. ಬಾಗಿಲುಗಳು ಮುಚ್ಚಿದ್ದವು.

ಶಿವರಾತ್ರಿಗೆ ಮುಂಚೆಯೇ ಅವರು ತೀರಿಕೊಂಡರು. ಬೆಳಿಗ್ಗೆ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಎದ್ದಿತು. ಬೈಕಿನಲ್ಲಿ ಬಂದ ಪೊಲೀಸಿನವರು ಕೈಮುಗಿದು, ಬೇರೆ ದಾರಿ ಹಿಡಿದು ಹೋದರು. ಯಾರೂ ಯಾವ ಕಾಗದವನ್ನೂ ಕೇಳಲಿಲ್ಲ. ಹೆಣ ಎತ್ತುವವರೆಗೆ ಬೀದಿಯಲ್ಲಿ ಒಲೆ ಹಚ್ಚಬಾರದೆಂಬುದು ನಮ್ಮ ಕಡೆಯ ರೂಢಿ. ಅವರಿಗಾಗಿ ಸೇರಿದ್ದ ಅಷ್ಟೂ ಜನ ಹಸಿದೇ ಕುಳಿತಿದ್ದೆವು.